ಆ ನೀರನ್ನು ಕಳಿಸಿದ್ದು ಯಾರು

ಚಳಿಗಾಲ ಶುರುವಾಗುವ ಹೊತ್ತಿಗೆ ಪಾದ್ರಿಯ ಹೆಂಡತಿ ಚರ್ಚಿನ ಮಹಿಳಾ ಸಂಘದಲ್ಲಿ ಎಲ್ಲರಿಗೂ ವಿಷಯ ಹಂಚುತ್ತಿದ್ದರು. ಸರದಿ ಬಂದವರು ಬರೆದು ತಂದದ್ದನ್ನು ಅರ್ಧ ಗಂಟೆ ಓದಬೇಕು. ಉಳಿದವರು ಮಿಷನ್ನಿನ ಅನಾಥ ಮಕ್ಕಳಿಗೆಂದು ಕಾಲುಚೀಲ ಹೆಣೆಯುತ್ತ ಕೇಳಬೇಕು. ಕೊನೆಗೆ ಒಂದು ಕೀರ್ತನೆ, ಕಾಫಿ, ದಾಲ್ಚಿನ್ನಿ ಸಕ್ಕರೆ ಮೆತ್ತಿದ ಅಂಟಂಟು ಬನ್ನು. ಹಿಂದಿನ ವರ್ಷ ಲೌರಿನಾಗೆ ಬಂದಿದ್ದ ವಿಷಯ ಅತಿಥಿ ಸತ್ಕಾರ. ಕೇಳಿದವರು ‘ಚೆನ್ನಾಗಿತ್ತು ಕಣೇ’ ಎಂದು ಬನ್ನು ತಿಂದು ಮರೆತೂಬಿಟ್ಟಿದ್ದರು.

ಈ ವರ್ಷ ಪಾದ್ರಿಯಮ್ಮ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

“ನಿನಗೆ ಸ್ವಲ್ಪ ಗಟ್ಟಿ ವಿಷಯ ಕೊಡ್ತೀನಿ ಲೌರಿನಾ. ಪವಿತ್ರಗ್ರಂಥದ ಪ್ರಳಯದ ಅಧ್ಯಾಯ ಬರೀ ಕಟ್ಟುಕಥೆ ಅಂತ ಯಾರೋ ಪ್ರೊಫೆಸರು ಪುಸ್ತಕ ಬರೆದಿದಾನಲ್ಲ, ಪಟ್ಟಣದ ಶಾಲೆ ಮೇಷ್ಟ್ರುಗಳೆಲ್ಲ ಅದನ್ನೇ ಓದ್ತಿದಾರಂತೆ. ಅದನ್ನ ಖಂಡಿಸಿ ಅರ್ಧ ಗಂಟೆ ಮಾತಾಡು. ಅಯ್ಯನವರು ನಮ್ಮ ವಾರಪತ್ರಿಕೇಲಿ ಬರೆದದ್ದಿದೆ, ಅದನ್ನೇ ನಿನ್ನ ಮಾತಲ್ಲಿ ಬರ್ಕೊಂಡ್ರೆ ಆಯ್ತು.”

ಲೌರಿನಾ ಹಾಗೇ ಮಾಡಲು ಹೊರಟಿದ್ದಳು. ಅಡಿಗೆಮನೆಯ ಮೇಜಿನ ಮೇಲೆ ವಾರಪತ್ರಿಕೆ ಹರಡಿಕೊಂಡು, ‘ಈ ಕುರುಡ ಮನುಷ್ಯನ ಪ್ರಕಾರ’ ಎಂದು ಮೊದಲ ಸಾಲು ಬರೆದಳು. ಪೆನ್ನು ಅಲ್ಲಿಗೇ ನಿಂತಿತು. ಚಿಕ್ಕವಳಿದ್ದಾಗ ಅವಳಿಗೆ ದೇವರ ಹತ್ತು ಆಜ್ಞೆಗಳನ್ನು ಕಲಿಸಿದ್ದು ಅಜ್ಜಿ. ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆಗೆ ಬಂದಾಗ ಅಜ್ಜಿ, ನ್ಯಾಯಾಲಯದಲ್ಲಿ ಹೇಳುವ ಸುಳ್ಳು ಮಾತ್ರವಲ್ಲ, ಒಬ್ಬನ ಮಾತನ್ನು ಪೂರ್ತಿ ಕೇಳದೆ ಅವನು ತಪ್ಪಿತಸ್ಥ ಎನ್ನುವುದೂ ಸುಳ್ಳುಸಾಕ್ಷಿಯೇ ಎಂದು ಗಟ್ಟಿಯಾಗಿ ಹೇಳಿಸುತ್ತಿದ್ದಳು. ಲೌರಿನಾ ಆ ಪ್ರೊಫೆಸರ್ ಬರೆದ ಒಂದು ಸಾಲನ್ನೂ ಓದಿರಲಿಲ್ಲ. ಪಾದ್ರಿಯವರು ಓದಿದ್ದಾರೆಂದು ಅವರ ಲೇಖನ ಎಲ್ಲೂ ಹೇಳುತ್ತಿರಲಿಲ್ಲ.

ಮಾರನೆಯ ವಾರ ಸಂತೆಯ ದಿನ ಅವಳು ಬಸ್ಸು ಹತ್ತಿ ಪಟ್ಟಣಕ್ಕೆ ಹೋದಳು. ಸಂತೆ ಮುಗಿಸಿ, ಜನ್ಮದಲ್ಲೇ ಮೊದಲ ಸಲ ಅಲ್ಲಿಯ ಗ್ರಂಥಾಲಯದ ಮೆಟ್ಟಿಲು ಹತ್ತಿದಳು. ತಲೆಗೆ ಚರ್ಚಿನ ಹೆಂಗಸರ ಕಪ್ಪು ಟೋಪಿ, ಕೈಯಲ್ಲಿ ತರಕಾರಿ ಬುಟ್ಟಿ. ಮೇಜಿನ ಹಿಂದಿದ್ದ ಹುಡುಗಿ ಪುಸ್ತಕದ ಹೆಸರು ಕೇಳಿ ಅವಳ ಟೋಪಿಯನ್ನೊಮ್ಮೆ ನೋಡಿ, “ನಿಮಗೇನಾ?” ಎಂದಳು.

“ನನಗೇ. ಯಾಕೆ, ಟೋಪಿ ಹಾಕಿದೋರಿಗೆ ಕೊಡಲ್ವಾ?”

“ಅಯ್ಯೋ ಹಾಗಲ್ಲ ಅಮ್ಮಾ. ನಿಮ್ಮ ದ್ವೀಪದಿಂದ ಬಂದು ಇದನ್ನ ಕೇಳಿದೋರು ಯಾರೂ ಇಲ್ಲ, ಅದಕ್ಕೆ.”

ಪುಸ್ತಕ ಸೊಪ್ಪಿನ ಕಟ್ಟಿನ ಕೆಳಗೆ ಕೂತು ಮನೆಗೆ ಬಂತು. ಆದರೆ ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಸಂಜೆ ಗಂಡ ಮಾರಿನಸ್ ಹೊಲದಿಂದ ಬಂದಾಗ ಅದು ಮೇಜಿನ ಮೇಲೇ ಇತ್ತು. ಮಾರಿನಸ್ ಚರ್ಚಿನ ಹಿರಿಯರಲ್ಲಿ ಒಬ್ಬ. ಭಾನುವಾರ ಪ್ರಸಂಗಪೀಠದ ಪಕ್ಕದ ಬೆಂಚಿನಲ್ಲಿ ಕಪ್ಪು ಕೋಟು ತೊಟ್ಟು ಕೂರುವವನು.

“ಇದ್ಯಾಕೆ ತಂದೆ?” ಎಂದ. “ವಿಷ ಅಂತ ಹೇಳೋದಕ್ಕೆ ಕುಡಿದು ನೋಡ್ಬೇಕಾ?”

“ನೀವು ಈರುಳ್ಳಿಗೆ ಔಷಧಿ ಹೊಡೆಯೋವಾಗ ಡಬ್ಬಿ ಮೇಲಿರೋದನ್ನ ಓದ್ದೇ ಹೊಡೀತೀರಾ?”

ಅವನು ನಕ್ಕುಬಿಟ್ಟ. “ನಿನ್ನ ಬಾಯಿಗೆ ಅರ್ಧ ಗಂಟೆ ಸಾಲಲ್ಲ ಕಣೇ. ಪಾದ್ರಿಯಮ್ಮಂಗೆ ಹೇಳಿ ಒಂದು ಗಂಟೆ ತಗೋ.” ಊಟವಾದ ಮೇಲೆ ಎಂದಿನಂತೆ ಗ್ರಂಥದ ಆ ದಿನದ ಅಧ್ಯಾಯ ಓದಿದ. ಆ ಪುಸ್ತಕದ ಕಡೆ ಮತ್ತೆ ನೋಡಲಿಲ್ಲ.

ಓದುವ ಮೊದಲು ಲೌರಿನಾ ಒಬ್ಬ ಕುಚೋದ್ಯಗಾರನನ್ನು ಕಲ್ಪಿಸಿಕೊಂಡಿದ್ದಳು. ಅಂಥವನ ಜೊತೆ ಜಗಳಾಡುವುದು ಸುಲಭ. ಆದರೆ ಈ ಮನುಷ್ಯ ಯಾರನ್ನೂ ಹಂಗಿಸುತ್ತಿರಲಿಲ್ಲ. ಬಹಳ ಹಿಂದೆ ದೂರದ ಎರಡು ನದಿಗಳ ನಡುವೆ ಬದುಕಿದ ಜನ ಇದೇ ಕಥೆಯನ್ನು ಹಸಿ ಮಣ್ಣಿನ ಹಲಗೆಗಳ ಮೇಲೆ ಕೊರೆದಿಟ್ಟಿದ್ದರೆಂದೂ ಅದರಲ್ಲೂ ನೀರು, ನಾವೆ, ಹಾರಿ ಹೋದ ಹಕ್ಕಿ ಇವೆಯೆಂದೂ ನಿಧಾನವಾಗಿ ಬಿಡಿಸಿ ಹೇಳುತ್ತಿದ್ದ. ನೀರು ಬಂದು ಎಲ್ಲವನ್ನೂ ತೆಗೆದುಕೊಂಡು ಹೋದಾಗ, ಅದು ಸುಮ್ಮನೆ ಬಂತು ಎನ್ನುವುದನ್ನು ಮನುಷ್ಯರು ತಡೆದುಕೊಳ್ಳಲಾರರು ಎಂದು ಬರೆದಿದ್ದ. ಕಳಿಸಿದವನೊಬ್ಬನನ್ನು ಅವರು ಹುಡುಕುತ್ತಾರೆ. ಕಳಿಸಿದವನು ಸಿಕ್ಕ ಕೂಡಲೇ ಕಳಿಸಲು ಕಾರಣವಾದ ಪಾಪವೂ ಸಿಗುತ್ತದೆ.

ಆಲೂಗಡ್ಡೆ ಹೆರೆಯುತ್ತ ಓದುತ್ತಿದ್ದ ಲೌರಿನಾಳ ಕೈ ಅಲ್ಲಿಗೆ ನಿಂತಿತು. ಒಣಭೂಮಿಯ ಯಾರಿಗಾದರೂ ಇದು ಬರೀ ಓದು ಇರಬಹುದು. ಸಮುದ್ರಕ್ಕೆ ಕಟ್ಟೆ ಕಟ್ಟಿಕೊಂಡು ಬದುಕುವ ಝೇಲಂಡಿನ ಈ ದ್ವೀಪದಲ್ಲಿ ಜನ ಇಂದಿಗೂ ಕಾಲವನ್ನು ‘ನೀರಿಗೆ ಮುಂಚೆ’, ‘ನೀರಾದ ಮೇಲೆ’ ಎಂದೇ ಎರಡು ಮಾಡಿ ಹೇಳುತ್ತಿದ್ದರು. ಒಂದು ಚಳಿಗಾಲದ ಶನಿವಾರ ರಾತ್ರಿ ಕಟ್ಟೆ ಒಡೆದು ಸಮುದ್ರ ಊರೊಳಗೆ ಬಂದಿತ್ತು. ಸತ್ತವರ ಹೆಸರು ಕೊರೆದ ಕಲ್ಲು ಚರ್ಚಿನ ಬಾಗಿಲ ಪಕ್ಕದಲ್ಲಿತ್ತು. ಆಗಿನ ಪಾದ್ರಿ ಹಾಲಿನ ಡಬ್ಬಿಗಳು ತೇಲಾಡುತ್ತಿದ್ದಾಗಲೇ, ಕೆಲಸ ಮುಟ್ಟದೆ ಕಳೆಯಬೇಕಾದ ಭಾನುವಾರದ ಸಬ್ಬತ್ತನ್ನು ಮುರಿದ ಜನಕ್ಕೆ ಕರ್ತನ ಕೈ ತಗುಲಿದೆ ಎಂದು ಸಾರಿದ್ದರಂತೆ. ಲೌರಿನಾ ಅದನ್ನು ಕಂಡವಳಲ್ಲ. ಅವಳ ತವರು ಎತ್ತರದ ಊರು. ನೀರಾದ ಎರಡು ವರ್ಷದ ಮೇಲೆ ಮಾರಿನಸ್ಸನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಆ ರಾತ್ರಿ ಅವನು ದೋಣಿ ಹುಟ್ಟು ಹಾಕಿ ಜನರನ್ನು ಮನೆಗಳ ಮಾಡಿನ ಮೇಲಿಂದ ಇಳಿಸಿದ್ದನೆಂದು ಊರವರು ಹೇಳಿ ಗೊತ್ತು. ಅವನು ಆ ಬಗ್ಗೆ ಬಾಯಿ ಬಿಟ್ಟವನಲ್ಲ.

ಸಂಘ ಸೇರಿದ ಮಧ್ಯಾಹ್ನ ಅವಳು ಪ್ರೊಫೆಸರನ ವಾದವನ್ನು ಒಂದೊಂದಾಗಿ ಮುಂದಿಟ್ಟಳು. ಖಂಡಿಸಬೇಕಾದರೆ ಮೊದಲು ಸರಿಯಾಗಿ ಹೇಳಬೇಕಲ್ಲ. ಹೇಳುತ್ತ ಹೋದಂತೆ ತನ್ನ ದನಿ ಸ್ಪಷ್ಟವಾಗುತ್ತಿರುವುದು ಅವಳಿಗೇ ಕೇಳಿಸುತ್ತಿತ್ತು. ಹೆಣಿಗೆ ಕಡ್ಡಿಗಳ ಟಿಕ್ ಟಿಕ್ ಒಂದೊಂದೇ ನಿಂತವು. ಇನ್ನು ಉತ್ತರ ಓದಬೇಕು. ಅದು ಅವಳ ಬಳಿ ಇರಲಿಲ್ಲ. ಪಾದ್ರಿಯವರ ಲೇಖನವನ್ನು ಹಿಂದಿನ ದಿನ ಮೂರನೆಯ ಸಲ ಓದಿದಾಗ ಅದು ಪುಸ್ತಕದಲ್ಲಿ ಇಲ್ಲದ ಮಾತುಗಳಿಗೆ ಉತ್ತರ ಕೊಡುತ್ತಿರುವುದು ಗೊತ್ತಾಗಿತ್ತು.

“ಉತ್ತರ ನನಗಿನ್ನೂ ಸಿಕ್ಕಿಲ್ಲ” ಎಂದಳು. “ಪತ್ರಿಕೇಲಿ ಬಂದಿರೋದು ಈ ಮನುಷ್ಯ ಹೇಳದೇ ಇರೋದಕ್ಕೆ ಉತ್ತರ. ನಾವೆಲ್ಲ ಸೇರಿ ಹುಡುಕೋಣ ಅಂತ...”

ಪಾದ್ರಿಯಮ್ಮನ ಮುಖ ಕೆಂಪಾಯಿತು. ಬೇಕರಿಯ ಟೋನಾ ಮಾತು ತೇಲಿಸಲು ನೋಡಿದಳು. “ಹಾಗಾದ್ರೆ ನಾವೆಯಿಂದ ಹಾರಿದ ಆ ಪಾರಿವಾಳ ಅವರದೋ ನಮ್ಮದೋ, ಅದನ್ನ ಮೊದ್ಲು ಇತ್ಯರ್ಥ ಮಾಡಿ. ಕಾಫಿ ಆರ್ತಿದೆ!” ಒಂದಿಬ್ಬರು ನಕ್ಕರು.

ಆಗ ಕಿಟಕಿಯ ಪಕ್ಕದಿಂದ ಪೀಟರ್ನೆಲಾ ತಲೆಯೆತ್ತಿದಳು. ಅರವತ್ತರ ಹತ್ತಿರದ ವಿಧವೆ. ಊರಿನಲ್ಲಿ ಹಳೆಯ ಕಾಲದ ಕರಿ ಉಡುಪು, ಬಿಳಿ ಕುಲಾವಿ ಬಿಡದೆ ಉಳಿಸಿಕೊಂಡಿದ್ದ ಕೆಲವೇ ಹೆಂಗಸರಲ್ಲಿ ಒಬ್ಬಳು. ಚರ್ಚಿನ ಕಲ್ಲಿನ ಮೇಲೆ ಅವಳ ಇಬ್ಬರು ಮಕ್ಕಳ ಹೆಸರಿತ್ತು, ಮಗಳು ದಿನಾ, ಮಗ ಇಮಾನ್. ಸಂಘದಲ್ಲಿ ಎಲ್ಲರಿಗಿಂತ ಬೇಗ ಹೆಣೆಯುವವಳು; ಅವಳು ಅಲ್ಲಿ ಮಾತಾಡಿದ್ದನ್ನು ಲೌರಿನಾ ಕೇಳಿಯೇ ಇರಲಿಲ್ಲ.

“ನಮ್ಮ ನೀರು?” ಎಂದಳು ಪೀಟರ್ನೆಲಾ.

“ಏನಕ್ಕಾ?”

“ಆ ಪುಸ್ತಕದ ಲೆಕ್ಕದಲ್ಲಿ ನಮ್ಮ ನೀರನ್ನ ಕಳಿಸಿದ್ದು ಯಾರು?”

ಪುಸ್ತಕದಲ್ಲಿ ನಮ್ಮೂರಿನ ಮಾತಿಲ್ಲ ಅಕ್ಕಾ ಎಂದುಬಿಡಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಕೇಳಿದ ಪ್ರಶ್ನೆ ಏನೆಂದು ಲೌರಿನಾಗೆ ಗೊತ್ತಿತ್ತು.

“ಆ ಪುಸ್ತಕದ ಲೆಕ್ಕದಲ್ಲಿ ಯಾರೂ ಕಳಿಸಲಿಲ್ಲ ಅಕ್ಕಾ. ಬಿರುಗಾಳಿ, ಹುಣ್ಣಿಮೆಯ ಉಬ್ಬರ, ರಿಪೇರಿ ಕಾಣದ ಕಟ್ಟೆ. ಅಷ್ಟೇ.”

ಪೀಟರ್ನೆಲಾ ಕಡ್ಡಿಗಳನ್ನು ಉಣ್ಣೆಯುಂಡೆಗೆ ಚುಚ್ಚಿದಳು. ಅರ್ಧ ಕಾಲುಚೀಲವನ್ನು ಚೀಲಕ್ಕೆ ತುರುಕಿ, ಕಾಫಿಗೂ ಕೀರ್ತನೆಗೂ ನಿಲ್ಲದೆ ಹೊರಟುಹೋದಳು.

ಆ ಭಾನುವಾರ ಚರ್ಚಿನಲ್ಲಿ ಅವಳ ಜಾಗ ಖಾಲಿ. ಮುಂದಿನ ಭಾನುವಾರವೂ ಖಾಲಿ. ನೀರಾದ ಮರುವಾರದ ಭಾನುವಾರ ಕೂಡ, ಎರವಲು ಬಟ್ಟೆ ಉಟ್ಟು, ಬೇರೆ ಊರಿನ ಚರ್ಚಿನಲ್ಲಿ ಕೂತಿದ್ದ ಹೆಂಗಸು ಅವಳು. ಪಾದ್ರಿಯವರು ಮನೆಗೆ ಹೋದರೆ ಬಾಗಿಲು ತೆಗೆಯದೆ ಒಳಗಿಂದಲೇ, “ಬಟ್ಟೆ ಒಗೀತಿದೀನಿ ಅಯ್ಯನವರೇ” ಎಂದಳಂತೆ. ಪಾದ್ರಿಯಮ್ಮ ಕೇಕು ಹಿಡಿದು ಹೋದರೂ ಬಟ್ಟೆಯೇ. “ಒಂಟಿ ಹೆಂಗಸಿಗೆ ಅಷ್ಟೊಂದು ಬಟ್ಟೆ ಎಲ್ಲಿಂದ ಬಂತು!” ಎಂದು ಟೋನಾ ಬೇಕರಿಯಲ್ಲಿ ಹೇಳಿದಾಗ ಜನ ನಕ್ಕರು. ಆಮೇಲೆ ಬಾಗಿಲಲ್ಲಿ ನಿಂತ ಲೌರಿನಾಳನ್ನು ಕಂಡು ಚಿಲ್ಲರೆ ಎಣಿಸತೊಡಗಿದರು. ಟೋನಾ ಒಂದು ಬನ್ನು ಹೆಚ್ಚೇ ಹಾಕಿಕೊಟ್ಟಳು.

ಆ ದಿನಗಳಲ್ಲಿ ಲೌರಿನಾಗೆ ಇನ್ನೊಂದು ಸಂಕಟ ಶುರುವಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಲಗುವ ಮುಂಚೆ ಮಂಚದ ಪಕ್ಕ ಮೊಣಕಾಲೂರಿದರೆ ‘ಕರ್ತನೇ’ ಎಂಬ ಮಾತು ಬರುತ್ತಿತ್ತು, ಅದರ ಮುಂದೆ ಏನೂ ಬರುತ್ತಿರಲಿಲ್ಲ. ನಂಬಿಕೆ ಹೋಯಿತು ಎನ್ನುವ ಹಾಗೂ ಇರಲಿಲ್ಲ. ದಿನವೂ ಹೋಗಿ ಬಾಗಿಲು ತಟ್ಟುತ್ತಿದ್ದ ಮನೆಯಲ್ಲಿ ಜನರಿದ್ದಾರೋ ಇಲ್ಲವೋ ಎಂದು ಮೊದಲ ಸಲ ಅನುಮಾನ ಬಂದ ಹಾಗೆ ಇತ್ತು. ತಟ್ಟಲು ನಾಚಿಕೆಯಾಗುತ್ತಿತ್ತು. ಓದದೇ ಇದ್ದಿದ್ದರೆ ಎಂದು ಯೋಚಿಸಿದರೆ ಅದಕ್ಕೂ ಮನಸ್ಸು ಒಪ್ಪುತ್ತಿರಲಿಲ್ಲ. ಓದದೇ ಆ ಮನುಷ್ಯನನ್ನು ಕುರುಡ ಎಂದಿದ್ದರೆ, ಅದೇ ನಾಲಗೆಯಿಂದ ಪ್ರಾರ್ಥನೆ ಎಷ್ಟು ಚೆನ್ನಾಗಿ ಹರಿದುಬರುತ್ತಿತ್ತು!

ಸಭೆಯೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಭಾನುವಾರ ಹತ್ತಿರವಾದಾಗ ಹಿರಿಯರು ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ವಿಚಾರಿಸುವುದು ಪದ್ಧತಿ. ಲೌರಿನಾಳ ಮನೆಗೆ ಬಂದವರು ಊರೆಲ್ಲ ಮಾವ ಎಂದೇ ಕರೆಯುವ ಯೋಬ್ ಮಾವ ಮತ್ತು ಹೆಚ್ಚು ಮಾತಿಲ್ಲದ ಇನ್ನೊಬ್ಬ ಹಿರಿಯ. ಮಾರಿನಸ್ ಅಂದು ಹಿರಿಯನಲ್ಲ, ಮನೆಯ ಯಜಮಾನ ಮಾತ್ರ. ಮುಂದಿನ ಕೋಣೆಯಲ್ಲಿ ಕೈ ಕಟ್ಟಿ ಕೂತ. ಯೋಬ್ ಮಾವ ಕಾಫಿ ಕುಡಿದು, ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಎಲ್ಲರಿಗೂ ಹಂಚಿ, ಎಲ್ಲ ಮನೆಯಲ್ಲೂ ಕೇಳುವುದನ್ನೇ ಕೇಳಿದ.

“ಕರ್ತನಿಗೂ ನಿನ್ನ ಆತ್ಮಕ್ಕೂ ನಡುವೆ ಹೇಗಿದೆ ಮಗಳೇ?”

“ಮಾತು ನಿಂತಿದೆ ಯೋಬ್ ಮಾವ.”

ಮಾರಿನಸ್ ತಟ್ಟನೆ ಅವಳ ಕಡೆ ತಿರುಗಿದ. ಅವನಿಗೂ ಅದು ಹೊಸ ಸುದ್ದಿ.

ಯೋಬ್ ಮಾವ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. “ನೋಡು, ನೀನು ಓದಿದ್ದೇ ತಪ್ಪು ಅಂತ ನಾನು ಹೇಳಲ್ಲ. ನಿನ್ನ ಹೆಗಲು ಗಟ್ಟಿ, ಹೊತ್ಕೊಳ್ತೀಯ. ಅದನ್ನ ತಗೊಂಡು ಹೋಗಿ ಪೀಟರ್ನೆಲಾ ಬೆನ್ನ ಮೇಲೆ ಯಾಕಮ್ಮಾ ಇಟ್ಟೆ? ಆ ಹೆಂಗಸಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಆ ನಂಬಿಕೆಯೊಂದು.”

“ಅಕ್ಕ ಕೇಳಿದ್ರು.”

“ಮಗು ಚಾಕೂ ಕೇಳುತ್ತೆ, ಕೊಡ್ತೀವಾ?”

“ಅವರು ಮಗು ಅಲ್ಲ, ಯೋಬ್ ಮಾವ.”

ಹೇಳಿದಳೇ ಹೊರತು ಯೋಬ್ ಮಾವನ ಮಾತು ಎದೆಗೆ ನಾಟಿತ್ತು. ಅದರಲ್ಲಿ ನ್ಯಾಯವಿತ್ತು. ಇನ್ನೊಬ್ಬ ಹಿರಿಯ ಗಂಟಲು ಸರಿಮಾಡಿಕೊಂಡು, ಅವರು ಹೇಳಲು ಬಂದದ್ದನ್ನು ಹೇಳಿದ. ಭಾನುವಾರದೊಳಗೆ ಲೌರಿನಾ ಪೀಟರ್ನೆಲಾಳ ಮನೆಗೆ ಹೋಗಿ, ತಾನು ಓದಿ ಹೇಳಿದ್ದೆಲ್ಲ ಸುಳ್ಳು ಎಂದು ಹೇಳಬೇಕು. ಇಲ್ಲವಾದರೆ, ಸ್ವಂತ ಮನೆಯನ್ನೇ ಸರಿಯಾಗಿ ಇಟ್ಟುಕೊಳ್ಳದವನು ಪ್ರಭುಭೋಜನದ ದಿನ ಹಿರಿಯರ ಬೆಂಚಿನಲ್ಲಿ ಕೂರುವುದು ಸಭೆಗೆ ಒಪ್ಪಿಗೆಯಾಗುವುದಿಲ್ಲ. ಮಾರಿನಸ್ ನೆಲ ನೋಡುತ್ತ ತಲೆಯಾಡಿಸಿದ. ಒಪ್ಪಿದನೋ, ಕೇಳಿಸಿತು ಎಂದನೋ ತಿಳಿಯಲಿಲ್ಲ.

ಅವರು ಹೋದ ಮೇಲೆ ಅವನು ಬಟ್ಟಲುಗಳನ್ನು ತಾನೇ ಎತ್ತಿಕೊಂಡು ಒಳಗೆ ಬಂದ. “ನನಗ್ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನೀವು ಪಕ್ಕದಲ್ಲೇ ಮೊಣಕಾಲೂರಿ ಹತ್ತು ನಿಮಿಷ ಮಾತಾಡ್ತೀರ. ನಾನು ಸುಮ್ಮನೆ ಕಣ್ಣು ಮುಚ್ಕೊಂಡಿರ್ತೀನಿ ಅಂತನಾ?”

“ಒಂದು ಮಾತಲ್ವಾ ಲೌರಿನಾ. ಸುಳ್ಳು ಅಂದುಬಿಡು. ಅವಳಿಗೂ ಸಮಾಧಾನ, ನಮಗೂ ಸಮಾಧಾನ.”

“ಸುಳ್ಳು ಅಂತ ನನಗೆ ಅನ್ನಿಸ್ದೇ ಇದ್ರೆ?”

“ನಿಜ ಅನ್ನಿಸ್ತಾ ಹಾಗಾದ್ರೆ?”

“ಅದೂ ಗೊತ್ತಿಲ್ಲ ಕಣ್ರೀ!” ಎಂದಳು. ದನಿ ಏರಿದ್ದಕ್ಕೆ ತಾನೇ ಬೆಚ್ಚಿದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಯಾರೂ ದನಿಯೇರಿಸಿ ಮಾತಾಡಿದ್ದೇ ಇರಲಿಲ್ಲ. ಅವನು ಬಟ್ಟಲುಗಳನ್ನು ತೊಟ್ಟಿಯಲ್ಲಿಟ್ಟು ಹೊರಗೆ ಹೋದ.

ಶನಿವಾರದವರೆಗೆ ಅವಳು ದಿನ ತಳ್ಳಿದಳು. ಅಂದು ಮಧ್ಯಾಹ್ನ ಕಟ್ಟೆಯ ಮೇಲಿನ ದಾರಿ ಹಿಡಿದು ನಡೆದಳು. ಗಾಳಿ ಎದುರಿಗೆ ಬೀಸುತ್ತಿತ್ತು. ಸುಳ್ಳು ಎನ್ನುವ ಆ ಒಂದು ಮಾತನ್ನು ದಾರಿಯುದ್ದಕ್ಕೂ ಬಾಯೊಳಗೆ ಹೇಳಿ ನೋಡಿದಳು. ಪೀಟರ್ನೆಲಾ ನೆಮ್ಮದಿಯಾಗಿ ಮತ್ತೆ ಚರ್ಚಿಗೆ ಬರುವುದಾದರೆ, ಮಾರಿನಸ್ ತಲೆಯೆತ್ತಿ ತನ್ನ ಬೆಂಚಿನಲ್ಲಿ ಕೂರುವುದಾದರೆ, ಒಂದು ಸುಳ್ಳು ಹೇಳಿ ಅದರ ಪಾಪವನ್ನು ತಾನೊಬ್ಬಳೇ ಹೊರಬಾರದೇಕೆ?

ಪೀಟರ್ನೆಲಾಳ ಮನೆ ನೀರಾದ ಮೇಲೆ ನಾರ್ವೆಯವರು ದಾನ ಕೊಟ್ಟ ಮರದ ಮನೆ. ಲೌರಿನಾ ತಟ್ಟುವ ಮೊದಲೇ ಬಾಗಿಲು ತೆರೆಯಿತು.

“ಕಟ್ಟೆ ಮೇಲೆ ಬರ್ತಾ ಇರೋದು ಕಾಣಿಸ್ತು. ಒಳಗೆ ಬಾ. ಬಟ್ಟೆ ಒಗೆದು ಆಯ್ತು.”

ಒಲೆಯ ಪಕ್ಕ ಎರಡು ಕುರ್ಚಿ. ಪೀಟರ್ನೆಲಾ ಸಣಕಲಾಗಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಕೂತವಳೇ ಕೇಳಿದಳು, “ಸುಳ್ಳು ಅಂತ ಹೇಳಿ ಬಾ ಅಂತ ಕಳಿಸಿದಾರಾ?”

“ಹೂಂ ಅಕ್ಕಾ.”

“ಹೇಳು ಮತ್ತೆ.”

ಲೌರಿನಾ ಬಾಯಿ ತೆರೆದಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು. ಎದುರಿಗೆ ಆ ಎರಡು ಕಣ್ಣು.

“ಗೊತ್ತಿಲ್ಲ ಅಕ್ಕಾ. ಸುಳ್ಳೋ ನಿಜವೋ ನನಗೆ ಗೊತ್ತಿಲ್ಲ. ಅವತ್ತು ಎಲ್ಲರ ಮುಂದೆ ನಾನು ಹಾಗೆ ಹೇಳಬಾರದಿತ್ತು.”

“ಯಾಕೆ ಹೇಳಬಾರದಿತ್ತು? ನಾನು ಕೇಳ್ದೆ, ನೀನು ಹೇಳ್ದೆ. ಹತ್ತೊಂಬತ್ತು ವರ್ಷದಲ್ಲಿ ನನಗೆ ಉತ್ತರ ಅಂತ ಕೊಟ್ಟವಳು ನೀನೊಬ್ಬಳೇ ಕಣೇ. ಉಳಿದೋರೆಲ್ಲ ಸೂಪು ತಂದ್ಕೊಟ್ರು.” ಪೀಟರ್ನೆಲಾ ಒಲೆಯ ಬಾಗಿಲು ತೆರೆದು ಕಲ್ಲಿದ್ದಲು ಕೆದಕಿದಳು. “ಆ ಶನಿವಾರ ದಿನಾಳ ಕೋಟಿನ ತೋಳು ಹರಿದಿತ್ತು. ಬೆಳಿಗ್ಗೆ ಚರ್ಚಿಗೆ ಹಾಕ್ಕೋಬೇಕಲ್ಲ, ಹೊಲೀತಾ ಕೂತೆ. ಗಡಿಯಾರ ಹನ್ನೆರಡು ಹೊಡೀತು. ಇನ್ನೊಂದು ನಾಲ್ಕು ಹೊಲಿಗೆ ಇತ್ತು ಅಷ್ಟೇ. ಸಬ್ಬತ್ತು ಶುರುವಾಯ್ತು, ಸೂಜಿ ಕೆಳಗಿಡು ಅಂತ ಮನಸ್ಸು ಹೇಳ್ತು. ಇಡಲಿಲ್ಲ. ಮುಗಿಸೇ ಮಲಗಿದೆ. ಬೆಳಗಾಗೋ ಮುಂಚೆ ನೀರು ಬಂತು.”

ಲೌರಿನಾ ಮುಂದಕ್ಕೆ ಬಾಗಿದಳು. “ನಾಲ್ಕು ಹೊಲಿಗೆಗಾ ಅಕ್ಕಾ?”

“ಅಯ್ಯನವರು ಸಬ್ಬತ್ತು ಮುರಿದ ಜನ ಅಂದಾಗ ಉಳಿದೋರೆಲ್ಲ ಒಬ್ಬರ ಮುಖ ಒಬ್ಬರು ನೋಡ್ತಿದ್ರು. ನನಗೆ ನೋಡೋ ಅವಶ್ಯಕತೆ ಇರ್ಲಿಲ್ಲ. ನೀನು ಯಾರೂ ಕಳಿಸಲಿಲ್ಲ ಅಂದ ದಿನ ಬಂದು ಮಲಗಿದೆ ನೋಡು, ಎಳೆ ಮಗು ಹಾಗೆ ನಿದ್ದೆ. ಯಾರೂ ಕಳಿಸಿಲ್ಲ ಅಂದ್ರೆ ನಾನೇನೂ ಮಾಡಿಲ್ಲ.” ಅವಳು ಸ್ವಲ್ಪ ನಕ್ಕಳು. ಆ ನಗು ಮುಖದಲ್ಲಿ ಉಳಿಯಲಿಲ್ಲ. “ಬೆಳಿಗ್ಗೆ ಎದ್ದೆ. ಯಾರೂ ಕಳಿಸಿಲ್ಲ ಅಂದ್ರೆ ಯಾರೂ ಕರ್ಕೊಂಡೂ ಇಲ್ಲವಲ್ಲ ಅನ್ನಿಸ್ತು. ಕಳಿಸಿದೋನು ಒಬ್ಬ ಇದ್ದಾಗ ನನ್ನ ಮಕ್ಕಳು ಎಲ್ಲೋ ಒಂದು ಕಡೆ ಇದ್ರು. ಅವನ ಹತ್ರ ಇದ್ರು. ಈಗ ನಾನು ತಪ್ಪಿಲ್ಲದೋಳು, ಅವರು ಎಲ್ಲೂ ಇಲ್ಲದೋರು. ಎರಡರಲ್ಲಿ ಯಾವುದು ಬೇಕು ನನಗೆ? ನೀನೇ ಹೇಳು. ಓದಿದೋಳು.”

ಪ್ರೊಫೆಸರನ ಪುಸ್ತಕದಲ್ಲಿ ಈ ಪ್ರಶ್ನೆಗೆ ಪುಟವಿರಲಿಲ್ಲ, ಯೋಬ್ ಮಾವನ ಜೇಬಿನಲ್ಲೂ ಇದಕ್ಕೆ ಏನೂ ಇರಲಿಲ್ಲ. ಲೌರಿನಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತಳು.

“ಆ ಪುಸ್ತಕ ತಾ” ಎಂದಳು ಪೀಟರ್ನೆಲಾ ಒಲೆಯ ಬಾಗಿಲು ಮುಚ್ಚುತ್ತ. “ಅರ್ಧ ಕೇಳಿ ಹೀಗಾಗಿದೆ. ಪೂರ್ತಿ ಕೇಳ್ಬೇಕು.”

“ಅದನ್ನ ಓದಿದ ಮೇಲೆ ನನಗೆ ಪ್ರಾರ್ಥನೆ ಬರ್ತಿಲ್ಲ ಅಕ್ಕಾ. ಕರ್ತನೇ ಅಂತೀನಿ, ಅಲ್ಲಿಗೇ ನಿಲ್ಲುತ್ತೆ. ನಿಮಗೂ ಹಾಗಾದ್ರೆ?”

ಪೀಟರ್ನೆಲಾ ಅವಳನ್ನು ದಿಟ್ಟಿಸಿ ನೋಡಿದಳು. “ನನಗೆ ನೀರಾದಾಗಿಂದ ಹಾಗೇ ಇದೆಯಲ್ಲೇ. ಎಲ್ಲರಿಗೂ ಬರುತ್ತೆ, ನನಗೊಬ್ಬಳಿಗೆ ಬರಲ್ಲ, ಆ ಸೂಜಿಯಿಂದ ಅಂದ್ಕೊಂಡಿದ್ದೆ.” ಆಮೇಲೆ ಹೇಳಿದಳು, “ತಾ. ಆದ್ರೆ ಇಟ್ಟು ಹೋಗ್ಬೇಡ. ಕೂತು ಓದು. ನನಗೆ ಸಾಕು ಅನ್ನಿಸಿದಾಗ ಸಾಕು ಅಂತೀನಿ.”

ಲೌರಿನಾ ಎದ್ದಳು. ಬಾಗಿಲ ಹತ್ತಿರ ಪೀಟರ್ನೆಲಾ ಅವಳ ತೋಳು ಹಿಡಿದು ನಿಲ್ಲಿಸಿದಳು.

“ನಿನ್ನ ಗಂಡನನ್ನ ಕಳಿಸು. ಚರ್ಚಿನ ಹಿರಿಯ ಅಂತ ಬರೋದು ಬೇಡ, ಬರೀ ಅವನಾಗಿ ಬರ್ಲಿ. ಆವತ್ತು ನನ್ನನ್ನ ಮಾಡಿನ ಮೇಲಿಂದ ಇಳಿಸಿದ್ದು ಅವನು. ನಿನಗೆ ಹೇಳಿಲ್ವಾ?”

“ಇಲ್ಲ.”

“ನಾನು ಕಿರುಚ್ತಾ ಇದ್ದೆ. ಅವನಿನ್ನೂ ಹುಡುಗ, ಕೈ ಮರಗಟ್ಟಿ ಹುಟ್ಟು ಹಿಡಿಯೋಕಾಗ್ತಿರ್ಲಿಲ್ಲ. ‘ಇದು ಕರ್ತನ ಕೈಯಿಂದ ಬಂದದ್ದು, ಸುಮ್ಮನಿರಿ’ ಅಂದ. ಸುಮ್ಮನಾದೆ. ಆಮೇಲೆ ಸುಮ್ಮನೇ ಇದ್ದೆ.” ಹಿಡಿದ ಕೈ ಬಿಡಲಿಲ್ಲ. “ಅವನಿಗೆ ಅದು ಗೊತ್ತಿತ್ತಾ ಅಥವಾ ನಾನು ಬಾಯಿ ಮುಚ್ಚಲಿ ಅಂತ ಅಂದ್ನಾ? ಅದಷ್ಟೇ ಕೇಳ್ಬೇಕು. ಜಗಳ ಇಲ್ಲ. ಅವನ ಮೇಲೆ ನನಗೆ ಜಗಳ ಇಲ್ಲವೇ ಇಲ್ಲ.”

ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು, ಲೌರಿನಾಗೆ ಬೇಡವಾದಷ್ಟು ಬೇಗ ಮನೆ ಬಂತು. ಮಾರಿನಸ್ ಅಡಿಗೆಮನೆಯಲ್ಲಿ ಕೂತು ಭಾನುವಾರದ ಶೂಗಳಿಗೆ ಪಾಲಿಶ್ ಹಾಕುತ್ತಿದ್ದ. ನಾಳೆ ಮಾಡಬಾರದ ಕೆಲಸವೆಲ್ಲ ಇವತ್ತೇ ಮುಗಿಯಬೇಕು.

“ಹೇಳಿದ್ಯಾ?”

“ಇಲ್ಲ. ಹೇಳೋಕಾಗ್ಲಿಲ್ಲ.” ಶಾಲು ತೆಗೆಯದೆ ನಿಂತೇ ಇದ್ದಳು. “ಸೋಮವಾರ ಪುಸ್ತಕ ತಗೊಂಡು ಹೋಗ್ತೀನಿ. ಓದಿ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ.”

ಅವನು ಬ್ರಷ್ಷನ್ನು ಕೆಳಗಿಟ್ಟ. ಕೋಪ ಬರಲಿ ಎಂದು ಅವಳು ಕಾದಳು. ಬರಲಿಲ್ಲ. ಆಗ ದೋಣಿಯ ಮಾತು ಹೇಳಿದಳು, ಪೀಟರ್ನೆಲಾ ಏನು ಕೇಳಬೇಕಂತೆ ಎಂಬುದನ್ನೂ ಅವಳ ಮಾತಿನಲ್ಲೇ ಹೇಳಿದಳು. ಸೂಜಿಯ ಸಂಗತಿ ಮಾತ್ರ ಹೇಳಲಿಲ್ಲ. ಅದು ಪೀಟರ್ನೆಲಾಳದು.

ಮಾರಿನಸ್ ಶೂವಿನೊಳಗೆ ಕೈ ತೂರಿಸಿಕೊಂಡೇ ಕೂತಿದ್ದ.

“ದೋಣಿ ಮಗುಚೋ ಹಾಗೆ ಒದ್ದಾಡ್ತಿದ್ರು ಕಣೇ” ಎಂದ ಕೊನೆಗೆ. “ದೋಣೀಲಿ ಇನ್ನೂ ನಾಲ್ಕು ಜನ. ಮಕ್ಕಳು ಇಲ್ಲೇ ಇದ್ರು, ಈಗ ಇದ್ರು, ತಿರುಗಿಸು ಅಂತ ನನ್ನ ಕೈ ಹಿಡ್ಕೊಂಡು ಎಳೀತಿದ್ರು. ತಿರುಗಿಸೋ ಹಾಗಿರ್ಲಿಲ್ಲ. ನನಗೆ ಬೇರೆ ಮಾತು ಬರ್ಲಿಲ್ಲ. ನಮ್ಮಪ್ಪ ದನ ಸತ್ರೂ ಅದನ್ನೇ ಹೇಳೋರು, ಅದೇ ಬಾಯಿಗೆ ಬಂತು.”

“ಹೋಗಿ ಅವರಿಗೆ ಅದನ್ನೇ ಹೇಳಿ.”

“ಅದು ನಿಜ ಅಲ್ಲ ಅಂತ ಹೇಳಲಾ? ಇವತ್ತಿಗೂ ನಾನು ಅದನ್ನೇ ನಂಬಿರೋದು ಲೌರಿನಾ. ಅದಿಲ್ದೇ ಇದ್ರೆ ಆ ದೋಣೀನ ಯಾಕೆ ತಿರುಗಿಸ್ಲಿಲ್ಲ ಅಂತ ನನ್ನನ್ನ ನಾನು...” ಮಾತು ಅಲ್ಲಿಗೆ ತುಂಡಾಯಿತು.

ಹದಿನೇಳು ವರ್ಷ ಪಕ್ಕದಲ್ಲಿ ಮಲಗಿದವನು. ಅವಳು ಅವನ ನಂಬಿಕೆಯನ್ನು ಕಲ್ಲಿನ ಗೋಡೆ ಎಂದುಕೊಂಡಿದ್ದಳು. ಅದರ ಹಿಂದೆ ಒಬ್ಬ ಹುಡುಗ ಇನ್ನೂ ಹುಟ್ಟು ಹಿಡಿದು ಕೂತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ತಾನು ಆ ಪುಸ್ತಕವನ್ನು ಮೇಜಿನ ಮೇಲಿಟ್ಟ ಸಂಜೆ ಅವನು ನಕ್ಕದ್ದನ್ನು ನೆನೆದು ಅವಳಿಗೆ ಭಯವಾಯಿತು. ಪೀಟರ್ನೆಲಾ ಒಬ್ಬಳ ಬೆನ್ನ ಮೇಲಲ್ಲ ತಾನು ಭಾರ ಇಟ್ಟದ್ದು.

“ನಿಮ್ಮ ನಂಬಿಕೆ ಅವರು ಕೇಳ್ತಿಲ್ಲ” ಎಂದಳು ಮೆಲ್ಲಗೆ. “ಆವತ್ತು ಗೊತ್ತಿತ್ತಾ ಅಂತ ಕೇಳ್ತಿದಾರೆ.”

“ಗೊತ್ತಿರ್ಲಿಲ್ಲ.”

“ಅಷ್ಟೇ.”

“ಅಷ್ಟೇ ಅಂತೀಯ.” ಅವನು ಶೂವಿನಿಂದ ಕೈ ತೆಗೆದು, ಪಾಲಿಶ್ ಅಂಟಿದ ಬೆರಳುಗಳನ್ನು ನೋಡಿಕೊಂಡ. “ಯೋಬ್ ಮಾವನಿಗೂ ಹೇಳ್ಬೇಕು. ನಾಳೆ ನಾನು ಆ ಬೆಂಚಲ್ಲಿ ಕೂರೋ ಹಾಗಿಲ್ಲ.”

“ನನ್ನಿಂದ.”

“ನಿನ್ನಿಂದಲೇ ಮತ್ತೆ, ಇನ್ಯಾರಿಂದ” ಎಂದ. ಅದರಲ್ಲಿ ಹಳೆಯ ತಮಾಷೆಯ ಎಳೆಯೊಂದಿತ್ತು, ಆದರೆ ಮುಖ ಅದಕ್ಕೆ ಜೊತೆಗೂಡಲಿಲ್ಲ. ಎದ್ದು, ಕೈ ತೊಳೆದು, ಹೊಲದ ಮರದ ಮೆಟ್ಟುಗಳನ್ನೇ ಮೆಟ್ಟಿಕೊಂಡು ಹೊರಟ. ಬರುತ್ತೇನೆ ಎನ್ನಲಿಲ್ಲ.

ಕಿಟಕಿಯಿಂದ ಕಟ್ಟೆಯ ಏರು ಕಾಣುತ್ತಿತ್ತು. ಮೇಲೆ ಹತ್ತಿದವನು ನಿಂತ. ಎಡಕ್ಕೆ ಹೋದರೆ ಯೋಬ್ ಮಾವನ ಮನೆ, ಬಲಕ್ಕೆ ಹೋದರೆ ಪೀಟರ್ನೆಲಾಳದು. ಗಾಳಿಗೆ ಕೋಟು ಪಟಪಟ ಬಡಿಯುತ್ತಿದ್ದರೂ ಕದಲಲಿಲ್ಲ. ನೀರಿನ ಕಡೆ ಮುಖ ಮಾಡಿ ನಿಂತೇ ಇದ್ದ. ಲೌರಿನಾ ಕಿಟಕಿಯ ಚೌಕಟ್ಟು ಹಿಡಿದಳು. ಅವನು ಎತ್ತ ಹೋಗಲಿ ಎಂದು ಬೇಡಿಕೊಳ್ಳಬೇಕೋ ಅವಳಿಗೇ ತಿಳಿಯುತ್ತಿರಲಿಲ್ಲ. ಆಮೇಲೆ ಅವನು ತಲೆ ತಗ್ಗಿಸಿ, ಗಾಳಿಗೆ ಎದುರಾಗಿ, ಬಲಕ್ಕೆ ನಡೆದ.

ಅವನು ಕಾಣದಾದ ಮೇಲೆ ಅವಳು ಒಲೆಯಿಂದ ಆಲೂಗಡ್ಡೆಯ ಪಾತ್ರೆ ಇಳಿಸಿ ದಪ್ಪ ಬಟ್ಟೆಯಲ್ಲಿ ಸುತ್ತಿಟ್ಟಳು. ಅವನು ಎಷ್ಟು ಹೊತ್ತಿಗೆ ಬರುತ್ತಾನೋ ತಿಳಿಯದು. ಬರುವವನು ಹೋದವನೇ ಆಗಿರುತ್ತಾನೋ, ಅದೂ ತಿಳಿಯದು.